ಸೀಲ್ ಹಾಕಿದರೂ ನಿಲ್ಲದ ಸೋರಿಕೆ: ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್

ಪ್ರಶ್ನೆ: ನಮ್ಮದು 2008ರ ಮಾರುತಿ ಜಿಪ್ಸಿ ಕಿಂಗ್. ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಓಡುತ್ತದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನೋಡಿದರೆ ಗಾಡಿಯ ನಡುಭಾಗದ ಕೆಳಗೆ ಅಂಗೈಯಗಲ ಎಣ್ಣೆ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದಿನ ಆಯಿಲ್ ಸೀಲ್ ಎರಡು ಸಲ ಬದಲಾಯಿಸಿದ್ದಾಯಿತು. ಎರಡು ಸಲವೂ ಮೂರ್ನಾಲ್ಕು ತಿಂಗಳಿಗೆ ಮತ್ತೆ ಶುರು. ಈಗ ಪೂರಾ ಇಳಿಸಿ, ಬಿಚ್ಚಿ, ಎಲ್ಲ ಸೀಲ್ ಹಾಕಿಸಬೇಕೆ? 140 ನಂಬರ್ ಎಣ್ಣೆ ಹಾಕಿದರೆ ನಿಲ್ಲುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಮೊದಲು ಎರಡನೆಯ ಪ್ರಶ್ನೆ ಮುಗಿಸಿಬಿಡೋಣ. 140 ಹಾಕಬೇಡಿ. ದಪ್ಪ ಎಣ್ಣೆ ನಿಧಾನವಾಗಿ ಸೋರುತ್ತದೆ, ಅಷ್ಟೇ, ನಿಲ್ಲುವುದಿಲ್ಲ. ಈ ಕೇಸಿನ ಒಳಗೆ ಸೂಜಿಯಂಥ ಸಣ್ಣ ಉರುಳೆಗಳಿರುವ ಸೂಜಿ ಬೇರಿಂಗ್‌ಗಳಿವೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಜೇನಿನಂತೆ ಗಟ್ಟಿಯಾಗಿ ಕೂತ ಎಣ್ಣೆ ಆ ಸಣ್ಣ ಸಂದುಗಳಿಗೆ ಬೇಗ ಇಳಿಯುವುದಿಲ್ಲ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಗಳೂ ಅಷ್ಟೇ: ಅವು ರಬ್ಬರನ್ನು ಸ್ವಲ್ಪ ಉಬ್ಬಿಸುತ್ತವೆ, ಒಣಗಿದ ಸೀಲ್‌ಗೆ ಕೆಲವು ವಾರ ಜೀವ ಬರುತ್ತದೆ, ಆಮೇಲೆ ಮೊದಲಿನ ಕಥೆಯೇ. ಕೇಸಿನ ಹೊರಗೆ ಎಂ-ಸೀಲ್ ಮೆತ್ತುವವರೂ ಇದ್ದಾರೆ. ಎಣ್ಣೆ ಕುಡಿದ ಅಲ್ಯೂಮಿನಿಯಂ ಮೇಲೆ ಅದು ಹಿಡಿಯುವುದಿಲ್ಲ. ಮುಂದೆ ಬಿಚ್ಚುವವನಿಗೆ ಕೆರೆಯುವ ಕೆಲಸ ಉಳಿಯುತ್ತದೆ.

ಇನ್ನು ಮುಖ್ಯ ವಿಷಯ. ಹೊಸ ಸೀಲ್ ಮೂರ್ನಾಲ್ಕು ತಿಂಗಳಲ್ಲಿ ಸೋತರೆ ತಪ್ಪು ಸಾಮಾನ್ಯವಾಗಿ ಸೀಲ್‌ನದ್ದಲ್ಲ. ಸೀಲ್ ಎಂದರೆ ತಿರುಗುವ ಭಾಗದ ಮೇಲೆ ಸವರಿಕೊಂಡು ಕೂರುವ ರಬ್ಬರ್ ತುಟಿ. ಆ ತುಟಿ ಒರಗುವ ಜಾಗ ನುಣುಪಾಗಿರಬೇಕು, ಶಾಫ್ಟ್ ಅಲುಗಬಾರದು, ಒಳಗಡೆ ಒತ್ತಡ ಕಟ್ಟಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ದಂಡವೇ. ನಿಮ್ಮ ಗಾಡಿಯಲ್ಲಿ ಎರಡು ಸಲವೂ ಬದಲಾಗಿದ್ದು ರಬ್ಬರ್ ಮಾತ್ರ, ಅದು ಕೂರುವ ಜಾಗ ಹಾಗೆಯೇ ಉಳಿದಿದೆ ಅನ್ನಿಸುತ್ತದೆ. ಅದಕ್ಕೇ ಕೇಸ್ ಇಳಿಸುವ ನಿರ್ಧಾರ ಕೊನೆಗೆ ಇಟ್ಟುಕೊಳ್ಳಿ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಬಂದು ಕೇಸಿಗೆ ಸೇರುತ್ತದೆ. ಕೇಸ್ ಮೂರು ರಬ್ಬರ್ ಮೌಂಟಿಂಗ್‌ಗಳ ಮೇಲೆ ಚಾಸಿಗೆ ತೂಗಿಕೊಂಡಿದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಮುಂದಿನ ಆಕ್ಸಲ್‌ಗೆ, ಇನ್ನೊಂದು ಹಿಂದಿನ ಆಕ್ಸಲ್‌ಗೆ. ಒಳಗೆ ಚೈನ್ ಇಲ್ಲ, ಪೂರ್ತಿ ಗೇರುಗಳೇ. ಗೇರ್‌ಬಾಕ್ಸ್ ಎಣ್ಣೆ ಬೇರೆ, ಇದರ ಎಣ್ಣೆ ಬೇರೆ, ಒಂದಕ್ಕೊಂದು ಬೆರೆಯುವ ದಾರಿಯಿಲ್ಲ. ಹಾಗಾಗಿ ಈ ಕೇಸಿನಲ್ಲಿ ಎಣ್ಣೆ ಕಡಿಮೆಯಾದರೆ ಅದು ನೆಲಕ್ಕೇ ಹೋಗಿರಬೇಕು. ಕೇಸಿಗೆ ಹಿಡಿಯುವುದು ಬರೀ 0.8 ಲೀಟರ್. ದೊಡ್ಡ ಗೇರ್‌ಬಾಕ್ಸಿನಲ್ಲಿ ಕಾಲು ಲೀಟರ್ ಕಮ್ಮಿಯಾದರೆ ಗಾಡಿ ಸಹಿಸಿಕೊಂಡೀತು. ಇಲ್ಲಿ ಅದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅಂಗೈಯಗಲದ ಕಲೆ ದಿನಾ ಬೀಳುತ್ತಿದ್ದರೆ ವಾರಕ್ಕೊಮ್ಮೆ ಲೆವೆಲ್ ನೋಡಲೇಬೇಕು.

ಮೊದಲು ಎಲ್ಲಿಂದ ಸೋರುತ್ತಿದೆ ಎಂದು ಗಟ್ಟಿ ಮಾಡಿಕೊಳ್ಳಿ. ಸೋರುವ ಜಾಗಗಳು ಹಲವು: ಗಿಡ್ಡ ಶಾಫ್ಟ್ ಸೇರುವ ಇನ್‌ಪುಟ್ ಸೀಲ್, ಮುಂದಿನ ಮತ್ತು ಹಿಂದಿನ ಔಟ್‌ಪುಟ್ ಸೀಲ್, ಸ್ಪೀಡೋಮೀಟರ್ ಕೇಬಲ್ ಕೂರುವ ಕಡೆಯ ಓ-ರಿಂಗ್ (ರಬ್ಬರ್ ಬಳೆ), ಗೇರ್ ಲಿವರ್‌ನ ಬುಡ, ಫೋರ್‌ವೀಲ್ ದೀಪದ ಸ್ವಿಚ್, ಒಳಗಿನ ಗೇರುಗಳನ್ನು ಹೊರುವ ಕೌಂಟರ್ ಶಾಫ್ಟಿನ ತುದಿಯ ಓ-ರಿಂಗ್, ಕೇಸಿನ ಭಾಗಗಳು ಸೇರುವ ಜಾಯಿಂಟ್, ಡ್ರೈನ್ ಬೋಲ್ಟ್. ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಕೇಸಿನ ಮೈಮೇಲೆ ಇಳಿದು ಅತಿ ತಗ್ಗಿನ ಮೂಲೆಯಿಂದಲೇ ತೊಟ್ಟಿಕ್ಕುತ್ತದೆ. ನೆಲದ ಕಲೆ ನೋಡಿ ಸೀಲ್ ಆರಿಸಿದರೆ ಮೋಸ ಹೋಗುತ್ತೀರಿ. ಗೇರ್‌ಬಾಕ್ಸಿನ ಹಿಂದಿನ ಸೀಲ್ ಸೋರಿದರೂ ಓಡುವಾಗಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳಿ ಟ್ರಾನ್ಸ್‌ಫರ್ ಕೇಸಿನ ಮುಖಕ್ಕೆ ಬಳಿಯುತ್ತದೆ. ಎಣ್ಣೆಯ ವಾಸನೆಯನ್ನೂ ನೋಡಿ: ಗೇರ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ, ಬೆರಳಲ್ಲಿ ಎಳೆಯಾಗಿ ಅಂಟುತ್ತದೆ. ಕಪ್ಪಗೆ, ತೆಳ್ಳಗೆ ಇದ್ದರೆ ಎಂಜಿನ್ ಕಡೆಯಿಂದ ಹರಿದು ಬಂದದ್ದು.

ಕೇಸನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ತೋಟದ ಗಾಡಿಯಲ್ಲಿ ಮಣ್ಣು ಮತ್ತು ಎಣ್ಣೆ ಬೆರೆತು ಬೆರಳುದ್ದ ಪದರವೇ ಕಟ್ಟಿರುತ್ತದೆ, ಅದು ಪೂರ್ತಿ ಹೋಗಬೇಕು. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಸೀಲ್‌ಗಳ ಸುತ್ತ, ಜಾಯಿಂಟ್‌ಗಳ ಮೇಲೆ ಉದುರಿಸಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿದರೆ ಬಿಳಿ ಪುಡಿಯ ಮೇಲೆ ಎಣ್ಣೆ ಹೊರಟ ಜಾಗ ಕಂದು ಗೆರೆಯಾಗಿ ಕಾಣುತ್ತದೆ. ಫ್ಲ್ಯಾಂಜಿನ (ಪ್ರೊಪೆಲ್ಲರ್ ಶಾಫ್ಟನ್ನು ಬೋಲ್ಟು ಹಾಕಿ ಸೇರಿಸುವ, ಕೇಸಿನಿಂದ ಹೊರಬಂದ ತಟ್ಟೆ) ನೇರಕ್ಕೆ ಗಾಡಿಯ ತಳದ ತಗಡಿನ ಮೇಲೆ ಎಣ್ಣೆ ಚಿಮ್ಮಿದ ಅಡ್ಡಗೆರೆ ಇದ್ದರೆ, ಆ ಫ್ಲ್ಯಾಂಜ್ ತಿರುಗುವಾಗ ಸೋರುತ್ತಿದೆ ಎಂದರ್ಥ. ಗೆರೆ ಇಲ್ಲ, ನಿಂತಾಗ ಮಾತ್ರ ಹನಿ ಬೀಳುತ್ತದೆ ಎಂದಾದರೆ ಓ-ರಿಂಗ್, ಜಾಯಿಂಟ್, ಡ್ರೈನ್ ಬೋಲ್ಟ್‌ಗಳ ಮೇಲೆ ಅನುಮಾನ ಇಡಿ. ಬರೀ ತೇವ ಹಿಡಿದು ದೂಳು ಅಂಟಿದ್ದರೆ, ಹನಿ ಬೀಳದಿದ್ದರೆ, ಅದಕ್ಕೆ ಕೈ ಹಾಕಬೇಡಿ. ಇಷ್ಟು ವಯಸ್ಸಾದ ಕೇಸ್ ಸ್ವಲ್ಪ ಬೆವರಬಹುದು.

ಆಮೇಲೆ ಬ್ರೀದರ್. ಎರಡು ಸಲ ಸೀಲ್ ಬದಲಾಯಿಸಿದವರು ಇದನ್ನು ಮುಟ್ಟಿರಲಾರರು. ಕೇಸಿನ ಮೇಲ್ಭಾಗದಲ್ಲಿ ಗಾಳಿಯಾಡಲು ಒಂದು ಸಣ್ಣ ನಳಿಕೆ ಇದೆ. ಗಾಡಿ ಓಡಿದಂತೆ ಎಣ್ಣೆ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ದಾರಿ ಮುಚ್ಚಿದ್ದರೆ, 30 ಡಿಗ್ರಿಯಲ್ಲಿದ್ದ ಗಾಳಿ 80 ಡಿಗ್ರಿಗೆ ಏರುವಷ್ಟರಲ್ಲಿ ಒಳಗಿನ ಒತ್ತಡ ಸುಮಾರು ಆರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಸೀಲಿನ ತುಟಿಗೆ ಅಷ್ಟು ಸಾಕು, ಎತ್ತಿಕೊಂಡು ಎಣ್ಣೆ ಬಿಡುತ್ತದೆ. ಹಳ್ಳ ದಾಟುವಾಗ ಇದೇ ಉಲ್ಟಾ ಆಗುತ್ತದೆ. ಬಿಸಿ ಕೇಸ್ ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್‌ನಿಂದ ಗಾಳಿ ಬಾರದಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಡ್ರೈನ್ ಮಾಡಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಹೀಗೆ ನೀರು ಹೊಕ್ಕಿದೆ. ಬ್ರೀದರ್‌ನಲ್ಲಿ ಒಣ ಕೆಸರು ಕಟ್ಟಿರಬಹುದು, ಮಳೆಗಾಲ ಕಳೆದ ಮೇಲೆ ಮಣ್ಣಿನ ಗೂಡು ಕಟ್ಟುವ ಕಡಜವೂ ಅದನ್ನು ಬಿಡುವುದಿಲ್ಲ. ಬಿಚ್ಚಿ, ಬಾಯಲ್ಲಿ ಊದಿ ನೋಡಿ. ಸಲೀಸಾಗಿ ಗಾಳಿ ಹೋಗಬೇಕು. ಅದಕ್ಕೆ ಎಣ್ಣೆ ತಡೆಯುವ ರಬ್ಬರ್ ಪೈಪ್ ಸೇರಿಸಿ ಬಾನೆಟ್ಟಿನ ಕೆಳಗಿನವರೆಗೆ ಮೇಲೆತ್ತಿ, ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಕಟ್ಟಿದರೆ ಹಳ್ಳದ ಕಾಟ ತಪ್ಪುತ್ತದೆ. ಪೈಪ್ ಎಲ್ಲೂ ಮಡಚಿಕೊಳ್ಳಬಾರದು, ಸೈಲೆನ್ಸರ್ ಪೈಪಿಗೆ ತಾಗಬಾರದು.

ಬ್ರೀದರ್ ಸರಿ ಮಾಡಿ, ಲೆವೆಲ್ ಸರಿ ಮಾಡಿ ಒಂದು ವಾರ ಓಡಿಸಿ. ಲೆವೆಲ್ ಬೋಲ್ಟಿನ ಬಾಯಿಗಿಂತ ಮೇಲಕ್ಕೆ ಎಣ್ಣೆ ತುಂಬಿದ್ದರೂ ಹೀಗೇ ಸೋರುತ್ತದೆ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ತುಂಬಿಸಿದರೆ ಆಗುವ ತಪ್ಪು ಇದು. ಆದರೂ ನಿಲ್ಲದಿದ್ದರೆ ಹಿಂದಿನ ಫ್ಲ್ಯಾಂಜ್ ಬಿಚ್ಚಬೇಕು. ಇದಕ್ಕೆ ಕೇಸ್ ಇಳಿಸುವ ಅಗತ್ಯವಿಲ್ಲ. ಮೂರೂ ಫ್ಲ್ಯಾಂಜ್ ಸೀಲ್‌ಗಳನ್ನು ಗಾಡಿಯ ಕೆಳಗೇ ಬದಲಿಸಬಹುದು.

ಶುರು ಮಾಡುವ ಮೊದಲು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಇದು ಬಾಯಿಮಾತಿನ ಎಚ್ಚರಿಕೆಯಲ್ಲ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗಾಡಿಯನ್ನು ಗೇರಿನಲ್ಲಿ ಇಟ್ಟರೂ ಚಕ್ರ ಹಿಡಿಯುವುದಿಲ್ಲ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುತ್ತದೆ. ನಿಮ್ಮದು ಹಾಗಿದ್ದರೆ ಆ ಬ್ರೇಕೂ ಹೋಯಿತು. ಮೇಲಾಗಿ ಆ ಡ್ರಮ್ಮಿನ ಶೂಗಳು ಇಷ್ಟು ದಿನ ಎಣ್ಣೆ ಕುಡಿದಿರುತ್ತವೆ, ಅವನ್ನೂ ಬದಲಿಸಿ.

ಎಣ್ಣೆ ಇಳಿಸುವ ಮುಂಚೆ ಮೇಲಿನ ಫಿಲ್ಲರ್ ಬೋಲ್ಟ್ (ಲೆವೆಲ್ ಬೋಲ್ಟ್ ಎನ್ನುವುದೂ ಇದನ್ನೇ) ಬಿಚ್ಚಲು ಬರುತ್ತದೆಯೇ ನೋಡಿಕೊಳ್ಳಿ. ಅದು ಜಾಮ್ ಆಗಿ ತಲೆ ಸವೆದರೆ, ಖಾಲಿ ಮಾಡಿದ ಕೇಸಿಗೆ ಎಣ್ಣೆ ತುಂಬಲು ದಾರಿಯೇ ಇರುವುದಿಲ್ಲ. ಇಳಿದ ಎಣ್ಣೆಯನ್ನು ಬಿಳಿ ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿಯಿರಿ. ಡ್ರೈನ್ ಬೋಲ್ಟಿನ ತುದಿಯಲ್ಲಿ ಬೂದು ಬಣ್ಣದ ಮೆತ್ತನೆಯ ಪುಡಿ ಸಹಜ. ಮಿನುಗುವ ಚೂರು, ಸೂಜಿಯ ತುಂಡಿನಂಥದ್ದು ಬಂದರೆ ಬರೀ ಸೀಲಿನ ಮಾತು ಅಲ್ಲಿಗೆ ಮುಗಿಯಿತು, ಕೇಸ್ ಬಿಚ್ಚಲೇಬೇಕು.

ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೂ ಕೇಸಿನ ಫ್ಲ್ಯಾಂಜಿಗೂ ಸೇರಿ ಒಂದು ಅಡ್ಡ ಗೆರೆ ಬಿಳಿ ಪೇಂಟಿನಲ್ಲಿ ಹಾಕಿ, ಮತ್ತೆ ಸೇರಿಸುವಾಗ ಅದೇ ಗೆರೆಗೆ ಕೂರಿಸಿ. ಶಾಫ್ಟ್ ಕೆಳಗಿಳಿಸಿದ ಮೇಲೆ ಕ್ರಾಸ್‌ಗಳನ್ನು, ಅಂದರೆ ಅದರ ತುದಿಯ ಕೀಲುಗಳನ್ನು, ಕೈಯಲ್ಲಿ ತಿರುಗಿಸಿ ನೋಡಿ. ಕಟಕಟ ಅಂದರೆ, ಒಂದು ಕಡೆ ಹಿಡಿದುಕೊಂಡರೆ, ಸೀಲ್ ಹಾಳಾಗಲು ಅದೂ ಕಾರಣ. ಈಗ ಕೇಸಿನ ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲ್ಲಾಡಿಸಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರುತ್ತದೆ, ಅದು ಗೇರಿನ ಹಲ್ಲಿನದು, ಪರವಾಗಿಲ್ಲ. ಮೇಲೆ ಕೆಳಗೆ ಟಕ್ ಎಂದು ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ. ಸೀಲಿನ ತುಟಿ ಹಿಂಬಾಲಿಸಬಲ್ಲದ್ದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಅಲುಗಾಟವನ್ನು ಮಾತ್ರ. ಬೇರಿಂಗ್ ಬದಲಿಸದೆ ಮೂರನೆಯ ಸೀಲ್ ಹಾಕಿದರೂ ಮೂರು ತಿಂಗಳೇ.

ಆಟ ಇಲ್ಲವೆಂದರೆ ನಡುವಿನ ನಟ್ ಬಿಚ್ಚಿ. ಅದರ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಲಾಕ್ ಮಾಡಿದ್ದರೆ ಮೊದಲು ಸಣ್ಣ ಉಳಿಯಿಂದ ಆ ಭಾಗ ಎತ್ತಿ, ಇಲ್ಲವಾದರೆ ಶಾಫ್ಟಿನ ಮರೆ (ನಟ್ ಕೂರುವ ತಿರುಪಿನ ಸುತ್ತು) ಕಿತ್ತು ಬರುತ್ತದೆ. ಫ್ಲ್ಯಾಂಜ್ ತಿರುಗದಂತೆ ಹಿಡಿಯಲು ಎರಡು ತೂತಿನ ಕಬ್ಬಿಣದ ಪಟ್ಟಿಯನ್ನು ಅದರ ಬೋಲ್ಟುಗಳಿಗೆ ಬಿಗಿದು ಉದ್ದ ಹಿಡಿ ಮಾಡಿಕೊಳ್ಳಿ. ಫ್ಲ್ಯಾಂಜ್ ಬಾರದಿದ್ದರೆ ಪುಲ್ಲರ್ ಹಾಕಿ ಎಳೆಯಿರಿ. ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದರೆ ಅದರ ಮುಖ ಬಾಗುತ್ತದೆ, ಆಮೇಲೆ ಗಾಡಿ 60ರ ವೇಗಕ್ಕೇ ನಡುಗುತ್ತದೆ.

ಕೈಗೆ ಬಂದ ಫ್ಲ್ಯಾಂಜನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ನಿಮ್ಮ ಸಮಸ್ಯೆಯ ಬೇರು ಇಲ್ಲೇ ಕಾಣುವ ಸಾಧ್ಯತೆ ಹೆಚ್ಚು. ಸೀಲಿನ ತುಟಿ ಒರಗುವುದು ಶಾಫ್ಟಿನ ಮೇಲಲ್ಲ, ಈ ಫ್ಲ್ಯಾಂಜಿನ ಕತ್ತಿನ ಮೇಲೆ. ಕತ್ತಿನ ಸುತ್ತ ಹೊಳೆಯುವ ಒಂದು ಉಂಗುರ ಕಾಣುತ್ತದೆ. ಅದರ ಮೇಲೆ ಉಗುರನ್ನು ಅಡ್ಡ ಎಳೆಯಿರಿ. ಉಗುರು ಜಾರಿಕೊಂಡು ಹೋದರೆ ಸರಿ. ತಡೆದು ನಿಂತರೆ ಅಲ್ಲಿ ತೋಡು ಬಿದ್ದಿದೆ. ಕೆಸರಿನ ಸಣ್ಣ ಮರಳು ತುಟಿಗೆ ಅಂಟಿಕೊಂಡು, ಅರದಂತೆ ಉಕ್ಕನ್ನೇ ತಿಂದಿರುತ್ತದೆ. ಹೊಸ ಸೀಲಿನ ತುಟಿ ಆ ತೋಡಿನೊಳಗೆ ಕೂರುತ್ತದೆ, ಬಿಗಿತ ಸಾಲದೆ ಕೆಲವೇ ದಿನಕ್ಕೆ ಸೋಲುತ್ತದೆ.

ತೋಡಿಗೆ ಮೂರು ದಾರಿ. ಒಳ್ಳೆಯದು ಹೊಸ ಫ್ಲ್ಯಾಂಜ್. ಸಿಗದಿದ್ದರೆ ಕತ್ತಿನ ಮೇಲೆ ಬಿಗಿಯಾಗಿ ಕೂರುವ ತೆಳು ಸ್ಟೇನ್‌ಲೆಸ್ ಸ್ಲೀವ್. ಅದರ ದಪ್ಪ ಕಾಲು ಮಿಲಿಮೀಟರ್ ಆಸುಪಾಸು, ಹಾಗಾಗಿ ಹಳೆಯ ಅಳತೆಯ ಸೀಲೇ ಸಾಕು. ಕತ್ತಿನ ವ್ಯಾಸವನ್ನು ತೋಡಿಲ್ಲದ ಜಾಗದಲ್ಲಿ ಮೈಕ್ರೋಮೀಟರಿನಿಂದ ಅಳೆದು ಸ್ಲೀವ್ ತರಬೇಕು, ಅಂದಾಜಿಗೆ ತಂದದ್ದು ಕೂರುವುದಿಲ್ಲ. ಮೂರನೆಯದು ಪುಕ್ಕಟೆ ಉಪಾಯ: ತೋಡು ಒಂದೇ, ಕಿರಿದು ಎಂದಾದರೆ ಹೊಸ ಸೀಲನ್ನು ಒಂದೂವರೆ ಎರಡು ಮಿಲಿಮೀಟರ್ ಒಳಗೆ ಅಥವಾ ಹೊರಗೆ ಕೂರಿಸಿ ತುಟಿಯನ್ನು ನುಣುಪು ಜಾಗಕ್ಕೆ ತರುವುದು. ಸೀಲ್ ಕೂರುವ ಕುಳಿಯಲ್ಲಿ ಅಷ್ಟು ಜಾಗ ಇದ್ದರೆ ಮಾತ್ರ.

ಬೆಸುಗೆ ತುಂಬಿಸಿ ಲೇತಿನಲ್ಲಿ ಕಡಿಸುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಅದರಲ್ಲಿ ಒಂದು ಗುಟ್ಟಾದ ತೊಂದರೆ ಇದೆ. ಲೇತಿನ ಉಳಿ ಪಕ್ಕಕ್ಕೆ ಸರಿಯುತ್ತಾ ಕಡಿಯುವುದರಿಂದ ಮೇಲ್ಮೈ ಮೇಲೆ ಕಣ್ಣಿಗೆ ಕಾಣದ ಮರೆ ಉಳಿಯುತ್ತದೆ. ಫ್ಲ್ಯಾಂಜ್ ತಿರುಗಿದಂತೆ ಆ ಮರೆ ಎಣ್ಣೆಯನ್ನು ತಿರುಪಿನಂತೆ ಹೊರಕ್ಕೆ ತಳ್ಳುತ್ತದೆ. ರಿವರ್ಸಿನಲ್ಲಿ ಸೋರದೆ ಮುಂದೆ ಹೋಗುವಾಗ ಮಾತ್ರ ಸೋರುವ ವಿಚಿತ್ರ ಗಾಡಿಗಳಿಗೆ ಹೆಚ್ಚಾಗಿ ಇದೇ ಕಾರಣ. ಮಾಡಿಸುವುದೇ ಆದರೆ ಕೊನೆಗೆ ಗ್ರೈಂಡಿಂಗ್ ಚಕ್ರವನ್ನು ಪಕ್ಕಕ್ಕೆ ಸರಿಸದೆ ನೇರ ಒತ್ತಿ ಮುಗಿಸಲು ಹೇಳಿ. ಮನೆಯಲ್ಲಿ ಎಮರಿ ಹಾಕುವಾಗಲೂ 400 ಅಥವಾ 600 ನಂಬರ್ ಕಾಗದದ ಪಟ್ಟಿಯನ್ನು ಕತ್ತಿನ ಸುತ್ತ ಸುತ್ತಿ ಎಳೆಯಬೇಕು, ಉದ್ದುದ್ದ ಉಜ್ಜಿದರೆ ಒಂದೊಂದು ಗೀರೂ ಎಣ್ಣೆಗೆ ಕಾಲುವೆ.

ಹಳೆಯ ಸೀಲ್ ಕೀಳುವ ಮುಂಚೆ ಅದು ಎಷ್ಟು ಒಳಗೆ ಕೂತಿದೆ ಎಂದು ಅಳೆದು ಬರೆದಿಡಿ. ಕೀಳುವಾಗ ಸ್ಕ್ರೂಡ್ರೈವರ್ ಅಲ್ಯೂಮಿನಿಯಂ ಕುಳಿಗೆ ತಾಗಬಾರದು, ಅಲ್ಲಿ ಬಿದ್ದ ಗೀರಿನಿಂದ ಸೀಲಿನ ಹೊರಗಡೆಯೇ ಎಣ್ಣೆ ಬರುತ್ತದೆ. ಹೊಸ ಸೀಲ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಬೆನ್ನ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಇವು ಹೊಂದಿದರೆ ಸಾಲದು, ಬಾಣದ ಗುರುತು ಇದ್ದರೆ ಅದನ್ನೂ ಹೊಂದಿಸಿ. ಕೆಲವು ಸೀಲ್‌ಗಳ ತುಟಿಯಲ್ಲಿ ಓರೆ ಗೀರುಗಳಿರುತ್ತವೆ, ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳಲೆಂದೇ ಮಾಡಿದ್ದು. ಉಲ್ಟಾ ದಿಕ್ಕಿನ ಸೀಲ್ ಬಂದರೆ ಅದು ಹೊರಕ್ಕೆ ತಳ್ಳುತ್ತದೆ, ನೋಡಲು ಎರಡೂ ಒಂದೇ. ಹೊರಗಡೆ ದೂಳು ತಡೆಯುವ ಎರಡನೇ ತುಟಿ ಇರುವ ಸೀಲನ್ನೇ ಕೇಳಿ, ಕೆಸರಿನ ಗಾಡಿಗೆ ಒಂದೇ ತುಟಿಯದು ಬೇಡ.

ಸೀಲಿನ ಸ್ಪ್ರಿಂಗ್ ಕಾಣುವ ಕಡೆ ಎಣ್ಣೆಯತ್ತ, ಅಂದರೆ ಒಳಕ್ಕೆ. ಹೊರಸುತ್ತು ಬರೀ ತಗಡಾಗಿದ್ದರೆ ತೆಳ್ಳಗೆ ಸೀಲಂಟ್ ಸವರಿ. ರಬ್ಬರ್ ಹೊದಿಸಿದ್ದಾದರೆ ಬರೀ ಎಣ್ಣೆ ಸಾಕು. ಎರಡು ತುಟಿಗಳ ನಡುವೆ ಗ್ರೀಸ್ ತುಂಬಿ, ಒಣ ತುಟಿ ಮೊದಲ ಕೆಲವು ನಿಮಿಷದಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಸೀಲಿನ ಹೊರ ಅಂಚಿಗೆ ಸರಿಯಾಗಿ ಕೂರುವ ಪೈಪ್ ತುಂಡೋ ದೊಡ್ಡ ಸಾಕೆಟ್ಟೋ ಇಟ್ಟು ಸುತ್ತಿಗೆಯಿಂದ ನಿಧಾನಕ್ಕೆ, ನಾಲ್ಕೂ ಕಡೆ ಸಮನಾಗಿ ಇಳಿಸಿ. ಒಂದು ಮೂಲೆ ಮೊದಲು ಇಳಿದು ಓರೆಯಾದ ಸೀಲನ್ನು ಬಡಿದು ನೇರ ಮಾಡಲು ಹೋಗಬೇಡಿ, ತಗಡು ಒಳಗೆ ಬಾಗಿರುತ್ತದೆ. ಇನ್ನೊಂದು ತರಬೇಕು.

ಫ್ಲ್ಯಾಂಜ್ ಹಾಕುವಾಗ ತುಂಬಾ ಜನ ಮರೆಯುವ ಸಂಗತಿ ಸ್ಪ್ಲೈನ್, ಅಂದರೆ ಫ್ಲ್ಯಾಂಜ್ ಕೂರಲು ಶಾಫ್ಟಿನ ಮೇಲಿರುವ ಉದ್ದುದ್ದ ಹಲ್ಲುಗಳು. ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ನಡುವಿನ ಸಂದಿಯಿಂದ ಎಣ್ಣೆ ನುಸುಳಿ ನಟ್ಟಿನ ಕೆಳಗಿಂದ ಹೊರಬೀಳುತ್ತದೆ. ಹೊರಗಿನಿಂದ ನೋಡಿದರೆ ಸೀಲ್ ಸೋರಿದ ಹಾಗೆಯೇ. ಫ್ಲ್ಯಾಂಜಿನ ಬಟ್ಟಲಿನ ಒಳಗೆ, ನಟ್ಟಿನ ಸುತ್ತ ಎಣ್ಣೆ ನಿಂತಿದ್ದರೆ ಸೋರಿದ್ದು ಸ್ಪ್ಲೈನ್ ದಾರಿಯಲ್ಲೇ. ಸೀಲಿನದು ಅಲ್ಲಿಗೆ ಹೋಗಲಾರದು. ಸ್ಪ್ಲೈನಿನ ಹೊರತುದಿಗೂ ನಟ್ಟಿನ ಮುಖಕ್ಕೂ ಸಿಲಿಕೋನ್ ಸೀಲಂಟ್ ತೆಳ್ಳಗೆ ಹಚ್ಚಿ ಬಿಗಿಯಿರಿ. ಹಳೆಯ ನಟ್ ಬೇಡ, ಹೊಸದು ಹಾಕಿ. ಬಿಗಿತ 110ರಿಂದ 150 ನ್ಯೂಟನ್ ಮೀಟರ್, ಅಂದರೆ 11ರಿಂದ 15 ಕೆಜಿ ಮೀಟರ್. ಅರ್ಧ ಮೀಟರ್ ಉದ್ದದ ಹಿಡಿಗೆ 22ರಿಂದ 30 ಕೆಜಿ ಭಾರ ಬಿದ್ದಂತೆ. ಟಾರ್ಕ್ ರೆಂಚ್ ಇಲ್ಲದೆ ಈ ನಟ್ ಬೇಡ. ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳು ಅಷ್ಟು ಬಿಗಿಯಲ್ಲ, 23ರಿಂದ 30 ನ್ಯೂಟನ್ ಮೀಟರ್.

ಪುಡಿಯ ಪರೀಕ್ಷೆಯಲ್ಲಿ ಇನ್‌ಪುಟ್ ಕಡೆ ಗೆರೆ ಕಂಡಿದ್ದರೆ ಇದೇ ಕೆಲಸ ಅಲ್ಲಿ ಮಾಡಿ, ಆದರೆ ಗಿಡ್ಡ ಶಾಫ್ಟನ್ನು ಹೊರಗೆ ಎಳೆಯುವಾಗ ಗೇರ್‌ಬಾಕ್ಸಿನ ಕೆಳಗೆ ತಟ್ಟೆ ಇಡಿ. ಆ ತುದಿ ಸ್ಪ್ಲೈನಿನಲ್ಲಿ ಜಾರಿಕೊಂಡಿದ್ದರೆ ಗೇರ್‌ಬಾಕ್ಸ್ ಎಣ್ಣೆಯೂ ಸುರಿಯುತ್ತದೆ. ಇನ್‌ಪುಟ್ ಸೀಲ್ ಮೇಲಿಂದ ಮೇಲೆ ಹೋದರೆ ಮೂರು ರಬ್ಬರ್ ಮೌಂಟಿಂಗ್ ನೋಡಿ. ಅವು ಬಿರಿದು ಕೂತರೆ ಕೇಸ್ ಒಂದು ಬದಿಗೆ ವಾಲುತ್ತದೆ, ಗಿಡ್ಡ ಶಾಫ್ಟಿನ ಕೋನ ಕೆಡುತ್ತದೆ, ಅದರ ನಡುಕ ನೇರ ಸೀಲಿಗೆ ಬೀಳುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ಕೋನದ ಸಣ್ಣ ತಪ್ಪು ದೊಡ್ಡದಾಗಿ ಕಾಡುತ್ತದೆ.

ಹಾಗಾದರೆ ಕೇಸ್ ಪೂರ್ತಿ ಇಳಿಸಬೇಕಾದದ್ದು ಯಾವಾಗ? ಬೇರಿಂಗ್ ಆಟ ಇದ್ದಾಗ, ಎಣ್ಣೆಯಲ್ಲಿ ಲೋಹದ ಚೂರು ಬಂದಾಗ, ಭಾಗಗಳ ಜಾಯಿಂಟಿನಿಂದ ಅಥವಾ ಕೌಂಟರ್ ಶಾಫ್ಟ್ ತುದಿಯಿಂದ ಸೋರುತ್ತಿದ್ದಾಗ. ಇಳಿಸುವುದು ಕಷ್ಟದ್ದಲ್ಲ. ಮೂರೂ ಶಾಫ್ಟ್, ಸ್ಪೀಡೋಮೀಟರ್ ಕೇಬಲ್, ಸ್ವಿಚ್ಚಿನ ವೈರ್, ಬ್ರೀದರ್ ಪೈಪ್ ಬಿಡಿಸಿ. ಒಳಗಿನಿಂದ ಲಿವರಿನ ಬೂಟ್ ಮೇಲೆತ್ತಿ, ಬುಡದ ಮುಚ್ಚಳ ಒತ್ತಿ ಎಡಕ್ಕೆ ತಿರುಗಿಸಿದರೆ ಲಿವರ್ ಬರುತ್ತದೆ. ಕೇಸಿನ ಕೆಳಗೆ ಜ್ಯಾಕ್ ಕೊಟ್ಟ ಮೇಲೆಯೇ ಮೌಂಟಿಂಗ್ ನಟ್ ಬಿಚ್ಚಿ. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ.

ಬಿಚ್ಚುವಾಗ ಕಳೆದುಹೋಗುವುದು ಗುಂಡುಗಳು. ಲಿವರ್ ಸರಿಸುವ ಶಿಫ್ಟ್ ಶಾಫ್ಟುಗಳನ್ನು ಜಾಗದಲ್ಲಿ ಹಿಡಿಯುವ ಸಣ್ಣ ಉಕ್ಕಿನ ಗುಂಡುಗಳೂ ಸ್ಪ್ರಿಂಗುಗಳೂ ಇವೆ. ಎರಡು ಶಾಫ್ಟುಗಳ ನಡುವೆ, ಒಟ್ಟಿಗೆ ಜಾರದಂತೆ ತಡೆಯುವ ಇನ್ನೊಂದು ಗುಂಡಿದೆ. ಶಾಫ್ಟ್ ಎಳೆದ ಕೂಡಲೇ ಅವು ಪಟ್ಟೆಂದು ಹಾರಿ ವರ್ಕ್‌ಶಾಪಿನ ಮೂಲೆ ಸೇರುತ್ತವೆ. ರಂಧ್ರದ ಬಾಯಿಗೆ ಬಟ್ಟೆ ಹಿಡಿದು ತೆಗೆಯಿರಿ, ಯಾವುದು ಎಲ್ಲಿಯದೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ನಡುವಿನ ಗುಂಡು ಮರೆತು ಕೂಡಿಸಿದರೂ ಗಾಡಿ ಓಡುತ್ತದೆ, ಆದರೆ ಟೂವೀಲಿನಲ್ಲಿದ್ದಾಗಲೇ ಲೋ ಗೇರ್ ಬೀಳುವ ಅಪಾಯ ಉಳಿಯುತ್ತದೆ. ಕೌಂಟರ್ ಗೇರಿನ ಸೂಜಿ ಬೇರಿಂಗ್, ಥ್ರಸ್ಟ್ ವಾಷರ್‌ಗಳನ್ನು ಕೂಡಿಸುವಾಗ ಗ್ರೀಸ್ ಹಚ್ಚಿ ಅಂಟಿಸಿಕೊಂಡರೆ ಬೀಳುವುದಿಲ್ಲ. ಎಲ್ಲ ಓ-ರಿಂಗ್ ಹೊಸದು. ಎಣ್ಣೆ ಸವರದೆ ತುರುಕಿದ ಓ-ರಿಂಗ್ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ.

ಭಾಗಗಳು ಬೇರೆಯಾಗದಿದ್ದರೆ ಜಾಯಿಂಟಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಅಲ್ಯೂಮಿನಿಯಂನಲ್ಲಿ ಬೀಳುವ ಒಂದು ಗುಳಿ ಸಾಕು. ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ಹೊರಚಾಚಿದ ಕಿವಿಗಳಿಗೆ ತಟ್ಟಿ. ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಪೆಟ್ರೋಲ್ ಅಥವಾ ಬ್ರೇಕ್ ಕ್ಲೀನರಿನಿಂದ ಒರೆಸಿ. ಮುಖದ ಮೇಲೆ ಬೆರಳಿನ ಎಣ್ಣೆಯ ಗುರುತೂ ಇರಬಾರದು. ದಪ್ಪ ಗಾಜಿನ ಮೇಲೆ ಮುಖವನ್ನು ಮಗುಚಿ ಇಟ್ಟು ಅಲುಗುತ್ತದೆಯೇ ನೋಡಿ.

ಇಲ್ಲಿ ಪೇಪರ್ ಪ್ಯಾಕಿಂಗ್ ಬೇಡ. ಸುಜುಕಿಯ ರೀತಿ ದ್ರವ ಸೀಲಂಟ್ ಹಾಕುವುದು. ಅನಬಾಂಡ್ 666ನಂಥ ಸಿಲಿಕೋನ್ ನಮ್ಮಲ್ಲಿ ಎಲ್ಲ ಬಿಡಿಭಾಗದಂಗಡಿಯಲ್ಲೂ ಸಿಗುತ್ತದೆ, ಅದು ಸಾಕು. ಒಂದು ಮುಖಕ್ಕೆ ಮಾತ್ರ, ಎರಡು ಮಿಲಿಮೀಟರ್ ದಪ್ಪದ ಎಳೆಯನ್ನು ತುಂಡಾಗದಂತೆ, ಬೋಲ್ಟಿನ ತೂತುಗಳ ಒಳಬದಿಯಲ್ಲಿ ಸುತ್ತಿ ಎಳೆಯಿರಿ. ಸಿಲಿಕೋನ್ ಜಾಸ್ತಿ ಹಾಕಿದರೆ ಗಟ್ಟಿ ಎಂಬ ನಂಬಿಕೆ ಈ ಕೆಲಸದ ದೊಡ್ಡ ಶತ್ರು. ಒಳಕ್ಕೆ ಒತ್ತಿ ಬಂದ ಎಳೆ ಗಟ್ಟಿಯಾಗಿ, ತುಂಡಾಗಿ, ಎಣ್ಣೆಯ ಜತೆ ಹೋಗಿ ಬೇರಿಂಗಿನ ಬಾಯಿಗೆ ಕೂರುತ್ತದೆ. ಹಚ್ಚಿದ ಹತ್ತು ನಿಮಿಷದೊಳಗೆ ಕೂಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಎರಡು ಸುತ್ತಿನಲ್ಲಿ 18ರಿಂದ 28 ನ್ಯೂಟನ್ ಮೀಟರಿಗೆ ಬಿಗಿಯಿರಿ. ಎಣ್ಣೆ ತುಂಬುವುದು ಮರುದಿನ. ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತು. ಸಂಜೆ ಹಚ್ಚಿ ರಾತ್ರಿಯೇ ಎಣ್ಣೆ ಹಾಕಿದರೆ ಹಸಿ ಎಳೆಯ ಮೇಲೆ ಎಣ್ಣೆ ನಿಲ್ಲುತ್ತದೆ.

ತುಂಬಬೇಕಾದದ್ದು 80ಡಬ್ಲ್ಯೂ-90 ಗೇರ್ ಎಣ್ಣೆ, ಜಿಎಲ್-4 ದರ್ಜೆ. ಗಾಡಿ ಮಟ್ಟಸವಾಗಿ ನಿಂತಿರಲಿ. ಲೆವೆಲ್ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ಹಾಕಿ. ಒಂದು ಲೀಟರ್ ಡಬ್ಬಿಯಲ್ಲಿ ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ಉಳಿಯಬೇಕು. ಇಡೀ ಡಬ್ಬಿ ಹಿಡಿದರೆ ಗಾಡಿ ವಾಲಿದೆ, ಅರ್ಧಕ್ಕೇ ತುಂಬಿ ಹರಿದರೆ ಅದೂ ವಾಲಿದ್ದೇ, ಅಥವಾ ಹಳೆಯದು ಪೂರ್ತಿ ಇಳಿದಿಲ್ಲ. ನೀರು ಹೊಕ್ಕಿದ್ದ ಕೇಸಾದರೆ ಈ ಎಣ್ಣೆಯನ್ನು ಐನೂರು ಕಿಲೋಮೀಟರಿಗೆ ಇಳಿಸಿ ಹೊಸದು ಹಾಕಿ.

ಇನ್ನೊಂದು ಮಾತು ಓಡಿಸುವವರಿಗೆ. ಜಿಪ್ಸಿಯಲ್ಲಿ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಶಾಫ್ಟುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಫೋರ್‌ವೀಲ್ ಹಾಕಿ ಒಣ ಡಾಂಬರಿನಲ್ಲಿ ತಿರುವು ಹೊಡೆದರೆ ಮುಂದಿನ ಹಿಂದಿನ ಶಾಫ್ಟುಗಳು ಒಂದನ್ನೊಂದು ತಿರುಚುತ್ತವೆ, ಆ ಬಿಗಿತವೆಲ್ಲ ಕೇಸಿನ ಬೇರಿಂಗಿನ ಮೇಲೆ. ತೋಟದಿಂದ ರಸ್ತೆಗೆ ಬಂದ ಮೇಲೆ ಲಿವರ್ ಟೂವೀಲಿಗೆ ಬಾರದೆ ಜಗ್ಗಾಡಬೇಕಾಗುತ್ತದೆಯೇ? ಅದು ಈ ತಿರುಚಿನ ಗುರುತು. ನಾಲ್ಕೆಂಟು ಅಡಿ ರಿವರ್ಸ್ ಹೋದರೆ ಸಡಿಲವಾಗಿ ಬರುತ್ತದೆ, ಬಲ ಹಾಕಬೇಡಿ. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಇದ್ದರೂ ಇದೇ ಪರಿಣಾಮ.

ಒಟ್ಟಿನಲ್ಲಿ ನಿಮ್ಮ ಮೆಕ್ಯಾನಿಕ್‌ಗೆ ಹೀಗೆ ಹೇಳಿ: ಮೊದಲು ಬ್ರೀದರ್ ಊದಿ ತೋರಿಸಿ, ಆಮೇಲೆ ಹಿಂದಿನ ಫ್ಲ್ಯಾಂಜ್ ಬಿಚ್ಚಿದಾಗ ನನ್ನನ್ನು ಕರೆಯಿರಿ, ಉಗುರು ಎಳೆದು ನಾನೇ ನೋಡುತ್ತೇನೆ. ಹಿಂದಿನ ಎರಡು ಸಲದ ಹಳೆಯ ಸೀಲ್‌ಗಳು ಗ್ಯಾರೇಜಿನ ಡಬ್ಬದಲ್ಲಿ ಇನ್ನೂ ಬಿದ್ದಿದ್ದರೆ ಅವನ್ನೂ ತಂದು ನೋಡಿ. ತುಟಿ ಒಂದೇ ಬದಿಯಲ್ಲಿ ಅಗಲವಾಗಿ ಸವೆದಿದ್ದರೆ ಬೇರಿಂಗ್, ಸುತ್ತಲೂ ಸಮನಾಗಿ ಸವೆದು ಮರಳು ಅಂಟಿದ್ದರೆ ಫ್ಲ್ಯಾಂಜಿನ ತೋಡು. ತುಟಿ ಹೊಸದರಂತೆ ಮೆತ್ತಗೆ, ಚೂಪಾಗಿಯೇ ಇದ್ದರೆ ಎಣ್ಣೆ ಬಂದದ್ದಕ್ಕೆ ತುಟಿಯ ಸವೆತ ಕಾರಣವಲ್ಲ. ಬ್ರೀದರ್ ಮತ್ತು ಸ್ಪ್ಲೈನ್ ನೋಡಿ.